ಡಾಕ್ಟರಿಲ್ಲದ ಊರಿಗೆ ಬೀಗಿತ್ತಿ ಬಂದದ್ದು

ಮಾದನಾಯಕನಹಳ್ಳಿ ದಾಟಿ ಒಳಕ್ಕೆ ತಿರುಗಿದರೆ ಸಿಗುವ ಬಿಲ್ಲಮಾರನಪಾಳ್ಯದಲ್ಲಿ ಸರ್ಕಾರಿ ಆಸ್ಪತ್ರೆ ಇತ್ತು, ಡಾಕ್ಟರು ಇರಲಿಲ್ಲ. ಟೇಪು ಕತ್ತರಿಸಿ, ಪೇಡ ಹಂಚಿ, ಫೋಟೊ ತೆಗೆಸಿಕೊಂಡ ಮಾರನೆಯ ದಿನವೇ ಕಟ್ಟಡಕ್ಕೆ ಬೀಗ ಬಿದ್ದಿತ್ತು. ಆಮೇಲಿಂದ ಗಣೇಶನ ಪೆಂಡಾಲಿನ ಗಳಗಳು, ಪಂಚಾಯಿತಿಯ ಬ್ಲೀಚಿಂಗ್ ಪೌಡರು, ಹಳೇ ಫ್ಲೆಕ್ಸುಗಳು ಅದರೊಳಗೆ ಸುಖವಾಗಿ ಸಂಸಾರ ಮಾಡಿಕೊಂಡಿದ್ದವು. ಜ್ವರ ಬಂದರೆ ಪೀಣ್ಯಕ್ಕೆ ಹೋಗಬೇಕು. ತುಮಕೂರು ರಸ್ತೆಯಲ್ಲಿ ಫ್ಲೈಓವರ್ ಕಟ್ಟುತ್ತಿದ್ದ ಕಾಲ ಅದು. ಹೊರಡುವಾಗ ಇದ್ದ ಜ್ವರ ಎಂಟನೇ ಮೈಲಿಯ ಜಾಮಿನಲ್ಲಿ ತಾನಾಗಿ ಇಳಿದು, ವಾಪಸು ಬರುವ ಜಾಮಿನಲ್ಲಿ ಮತ್ತೆ ಏರುತ್ತಿತ್ತು.

ಪಂಚಾಯಿತಿ ಅಧ್ಯಕ್ಷ ವೆಂಕಟೇಶಪ್ಪನಿಗೆ ಇದರಿಂದ ಬಹುಕಾಲ ಏನೂ ಅನಿಸಿರಲಿಲ್ಲ. ಹೊಲವಿದ್ದ ಜಾಗದಲ್ಲಿ ಸಾಲಾಗಿ ರೂಮು ಕಟ್ಟಿಸಿ, ಕೊಪ್ಪಳ, ರಾಯಚೂರು ಕಡೆಯ ಕಾರ್ಖಾನೆ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿದ್ದ. ಅವರು ಕೆಮ್ಮಿದರೆ ಹವಾ ಒಗ್ಗಿಲ್ಲ ಎನ್ನುತ್ತಿದ್ದ. ತಾನು ಕೆಮ್ಮಿದರೆ ಹೋಗಿಬರಲು ಕಾರಿತ್ತು. ಇಂಥವನ ತಲೆಗೆ ಡಾಕ್ಟರಿನ ಚಿಂತೆ ಹತ್ತಿಸಿದವಳು ಬೀಗಿತ್ತಿ, ಬೆಂಗಳೂರಿನ ಆಚೆ ತುದಿಯ ಹೂಡಿಯ ಅನುಸೂಯಮ್ಮ.

ವೆಂಕಟೇಶಪ್ಪನ ಒಬ್ಬಳೇ ಮಗಳು ವನಜಾ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು ಪದ್ಧತಿ. ವೆಂಕಟೇಶಪ್ಪನ ಹೆಂಡತಿ ವಸಂತಮ್ಮನಿಗಂತೂ ಅದು ಪದ್ಧತಿಗಿಂತ ದೊಡ್ಡದು. ಮೂರು ತಿಂಗಳು ತುಂಬುವ ಮೊದಲೇ ಮಗುವಿಗೆ ಸುತ್ತಲು ಹಳೇ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿಟ್ಟು, ಬಾಣಂತಿ ಖಾರದ ಸಾಮಾನು ಒಣಗಿಸಿ, ನಡುಮನೆಯ ಮಂಚವನ್ನು ಗಾಳಿ ಬಡಿಯದ ಮೂಲೆಗೆ ಸರಿಸಿದ್ದಳು. ಇಷ್ಟಾದ ಮೇಲೆ, ಆರನೇ ತಿಂಗಳು ಮುಗಿಯುತ್ತಿದ್ದಾಗ, ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ಅನುಸೂಯಮ್ಮ ನಾಲ್ಕು ಜನ ಕೇಳುವ ಹಾಗೆ ಬಾಯಿಬಿಟ್ಟಳು.

"ನಿಮ್ಮೂರಲ್ಲಿ ಡಾಕ್ಟ್ರೇ ಇಲ್ವಂತಲ್ಲ ಬೀಗ್ರೇ? ಅಂಥಾ ಕಡೆಗೆ ಸೊಸೇನ ಹೆಂಗೆ ಕಳ್ಸೋದು? ಹೆರಿಗೆ ಹೂಡೀಲೇ ಆಗ್ಲಿ ಬಿಡಿ."

ವೆಂಕಟೇಶಪ್ಪನ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು. ಅದನ್ನು ನುಂಗಿ, ಅದರ ಹಿಂದೆಯೇ ಒಂದು ಸುಳ್ಳನ್ನು ಹೊರಕ್ಕೆ ಬಿಟ್ಟ. "ಯಾರು ಯೋಳಿದ್ದು ಇಲ್ಲ ಅಂತ? ಓದ್ ತಿಂಗ್ಳೇ ಬಂದವ್ರೆ. ಬಂಗಾರದಂಥಾ ಡಾಕ್ಟ್ರು."

"ಹಂಗಾದ್ರೆ ಏಳನೇ ತಿಂಗಳಲ್ಲಿ ಒಂದ್ಸಲ ಬಂದು ನೋಡ್ತೀನಿ. ನನ್ನ ಕಣ್ಣಿಗೆ ಒಪ್ಪಿದ್ರೆ ಆಮೇಲೆ ಕಳಿಸ್ತೀನಿ," ಎಂದಳು ಅನುಸೂಯಮ್ಮ.

ಮಾರನೆಯ ಬೆಳಿಗ್ಗೆಯೇ ವೆಂಕಟೇಶಪ್ಪ ಇಲಾಖೆಯ ಕಚೇರಿಗೆ ಓಡಿದ. ಡಾಕ್ಟರುಗಳೇ ಇಲ್ಲದ ಊರುಗಳನ್ನು ಗುರುತಿಸಿ 'ವೈದ್ಯರ ಕೊರತೆಯ ಪ್ರದೇಶ' ಎಂದು ಸರ್ಕಾರ ಘೋಷಿಸುತ್ತದೆ, ಹೊಸ ಡಾಕ್ಟರುಗಳು ಮೊದಲು ಅಂಥ ಕಡೆಗೇ ಬರುತ್ತಾರೆ ಎಂದು ಅಲ್ಲಿ ತಿಳಿಯಿತು. ಅಲ್ಲಿಯವರೆಗೆ ಊರನ್ನು ಹೊಗಳುವುದಕ್ಕೆ ಮಾತ್ರ ಬಾಯಿ ತೆರೆದಿದ್ದ ಮನುಷ್ಯ ಅವತ್ತು ಕಂಡಕಂಡವರ ಮುಂದೆ ಗೋಳಾಡಿದ. ನಮ್ಮೂರಿನಲ್ಲಿ ಡಾಕ್ಟರಿಲ್ಲ, ನರ್ಸಿಲ್ಲ, ಸೂಜಿ ಕೂಡ ಇಲ್ಲ ಎಂದ. ಟೇಲರ್ ಅಂಗಡಿಯಲ್ಲಿ ಮಾತ್ರ ಇದೆ ಎಂದ. ಕಚೇರಿಯವರು ಕರಗಿದರು. ಸೋಮವಾರ ತಂಡ ಬಂದು ಕಣ್ಣಾರೆ ನೋಡುತ್ತದೆ, ನಿಜವಾಗಿಯೂ ಇಲ್ಲದಿದ್ದರೆ ಘೋಷಣೆ ಎಂದರು.

ಸೋಮವಾರ ತಂಡ ಬರಲಿಲ್ಲ, ಮಂಗಳವಾರವೂ ಇಲ್ಲ. ಇತ್ತ ಅನುಸೂಯಮ್ಮ ಮಾತ್ರ ಗುರುವಾರ ಒಳ್ಳೆಯ ದಿನವೆಂದು ಹೊರಟು ನಿಂತಳು.

ಹೀಗೆ ಈಶಪ್ಪ ಡಾಕ್ಟರಾದ. ಕುಷ್ಟಗಿ ಕಡೆಯ ಈಶಪ್ಪ ವೆಂಕಟೇಶಪ್ಪನ ಬಾಡಿಗೆದಾರ. ಪೀಣ್ಯದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅಲ್ಲಿ ಹಾಕಿಕೊಳ್ಳಲು ಬಿಳಿ ಕೋಟು ಕೊಡುತ್ತಿದ್ದರು. ಇಡೀ ಬಿಲ್ಲಮಾರನಪಾಳ್ಯದಲ್ಲಿ ಬಿಳಿ ಕೋಟು ಇದ್ದದ್ದು ಅವನೊಬ್ಬನ ಹತ್ತಿರ.

"ಸಾವ್ಕಾರ್ರ, ನಾ ಗುಳಿಗಿ ಡಬ್ಬಿ ತುಂಬಾಂವ್ರಿ. ಯಾವ ಗುಳಿಗಿ ಯಾತಕ್ಕಂತ ನನಗ ಗೊತ್ತಿಲ್ರಿ," ಎಂದು ಈಶಪ್ಪ ಕೈಮುಗಿದ.

"ಗೊತ್ತಿರೋದು ಬ್ಯಾಡ ಕಣಪ್ಪ. ಕೈ ಜೇಬಿನಾಗೆ ಮಡಿಕ್ಕೊಂಡು ಕೂತ್ಕೊ. ಆಯಮ್ಮ ಏನು ಯೋಳಿದ್ರೂ ತೊಂದ್ರೆ ಇಲ್ಲ, ಬಿಸ್ನೀರು ಕುಡೀರಿ ಅನ್ನು. ಅಷ್ಟೇಯ."

ವಸಂತಮ್ಮ ಗಂಡನನ್ನು ಅಡುಗೆಮನೆಗೆ ಕರೆದಳು. "ಮಗಳನ್ನ ಕರ್ಕೊಂಡ್ಬಂದು ಎರಿಗೆ ಒತ್ನಲ್ಲೂ ಬಿಸ್ನೀರೇ ಕುಡ್ಸೀಯಾ?"

"ಅಷ್ಟೊತ್ಗೆ ನಿಜವಾದ್ ಡಾಕ್ಟ್ರು ಬಂದಿರ್ತಾರೆ ಕಣಮ್ಮಿ," ಎಂದ ವೆಂಕಟೇಶಪ್ಪ. ಅವನು ಅದನ್ನು ನಿಜವಾಗಿಯೂ ನಂಬಿದ್ದ. ಮಗಳನ್ನು ಆ ನಡುಮನೆಯ ಮಂಚದ ಮೇಲೆ ನೋಡುವ ಆಸೆ ಹೆಂಡತಿಗಿಂತ ಅವನಿಗೇನೂ ಕಡಿಮೆ ಇರಲಿಲ್ಲ, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ.

ಗುರುವಾರ ಗಳಗಳನ್ನೂ ಫ್ಲೆಕ್ಸುಗಳನ್ನೂ ಹಿತ್ತಲಿಗೆ ಸಾಗಿಸಿ ಆಸ್ಪತ್ರೆಯ ಬಾಗಿಲು ತೆರೆಯಲಾಯಿತು. ಮೇಜಿನ ಹಿಂದೆ ಈಶಪ್ಪ ಕೋಟು ತೊಟ್ಟು, ರಾತ್ರಿ ಪಾಳಿಯ ನಿದ್ದೆಗಣ್ಣಿನಲ್ಲಿ ಕೂತ. ಆ ಕೆಂಪು ಕಣ್ಣುಗಳಿಂದ ಅವನು ಬಹಳ ಓದಿದವನ ಹಾಗೆಯೇ ಕಾಣುತ್ತಿದ್ದ. ಅನುಸೂಯಮ್ಮನ ಕ್ವಾಲಿಸ್ ಬಂದು ನಿಂತಿತು. ಆಕೆ ಇಳಿದವಳೇ ವಸಂತಮ್ಮ ತಂದಿದ್ದ ಕಾಫಿಯನ್ನೂ ಕುಡಿಯದೆ ನೇರ ಒಳಕ್ಕೆ ನಡೆದಳು. ಅದೇ ಹೊತ್ತಿಗೆ ವೆಂಕಟೇಶಪ್ಪನ ಮೊಬೈಲು ಬಡಿದುಕೊಂಡಿತು.

"ಅಧ್ಯಕ್ಷರಾ? ಇನ್ಸ್‌ಪೆಕ್ಷನ್ ಟೀಮು ಸಾರ್. ಜಾಮ್ ಕ್ಲಿಯರ್ ಆಯ್ತು, ನಿಮ್ಮೂರಿನ ಟರ್ನಿಂಗ್ ಹತ್ರ ಇದೀವಿ."

ಒಳಗಿರುವವಳಿಗೆ ಡಾಕ್ಟರು ಇದ್ದಾರೆಂದು ತೋರಿಸಬೇಕು, ಬರುತ್ತಿರುವವರಿಗೆ ಇಲ್ಲವೆಂದು ತೋರಿಸಬೇಕು. ಇದ್ದದ್ದು ಒಂದೇ ಬಾಗಿಲು. ಸಾಲದ್ದಕ್ಕೆ, ಆಸ್ಪತ್ರೆ ತೆರೆದಿದೆ ಎಂಬ ಸುದ್ದಿ ರೂಮುಗಳ ಸಾಲಿಗೆ ಮುಟ್ಟಿ, ಕೆಮ್ಮುವವರು, ಕುಂಟುವವರು, ಮಗು ಎತ್ತಿಕೊಂಡವರು ಎಲ್ಲರೂ ಬಂದು ಬಿಸಿಲಿನಲ್ಲಿ ಸಾಲಾಗಿ ನಿಂತುಬಿಟ್ಟಿದ್ದರು. ತನ್ನ ರೂಮುಗಳಲ್ಲಿ ಇಷ್ಟೊಂದು ಕಾಯಿಲೆ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಜೀಪಿನಿಂದ ಇಳಿದವರು ಡಾಕ್ಟರ್ ನೀಲಾಂಬಿಕಾ. ವೈದ್ಯಕೀಯ ಓದಿಯೂ ವರ್ಷಗಟ್ಟಲೆ ಫೈಲುಗಳ ನಾಡಿಯನ್ನೇ ನೋಡುತ್ತಾ ಬಂದಿದ್ದ ಅಧಿಕಾರಿ. ವೆಂಕಟೇಶಪ್ಪ ಓಡಿಹೋಗಿ ಅವರ ಮುಂದೆ ಅಡ್ಡ ನಿಂತ.

"ಅದೇನ್ರೀ ಅಲ್ಲಿ ಕ್ಯೂ?" ಎಂದರು ನೀಲಾಂಬಿಕಾ.

"ಸೀಮೆಎಣ್ಣೆ ಮೇಡಂ."

"ಯಾರ ಕೈಲೂ ಕ್ಯಾನ್ ಇಲ್ವಲ್ಲ?"

"ಇವತ್ತು ಬರೀ ಕ್ಯೂ ಮೇಡಂ. ಎಣ್ಣೆ ನಾಳೆ."

ಅಷ್ಟರಲ್ಲಿ ಅನುಸೂಯಮ್ಮ ಹೊರಗೆ ಬಂದಳು. ಮುಖ ಅರಳಿತ್ತು. ತನ್ನ ಮಂಡಿನೋವು ಹೇಳಿಕೊಂಡಿದ್ದಳು, ಬಿಸಿನೀರು ಕುಡಿಯಿರಿ ಎಂಬ ಉತ್ತರ ಸಿಕ್ಕಿತ್ತು. ಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಇಲ್ಲ, ಬಿಲ್ಲಿಲ್ಲ. ಹೂಡಿಯ ಆಸ್ಪತ್ರೆಗಳಲ್ಲಿ ಸೋತು ಸುಣ್ಣವಾಗಿದ್ದ ಆಕೆಗೆ ಇಂಥ ಡಾಕ್ಟರು ಕನಸಿನಲ್ಲೂ ಸಿಕ್ಕಿರಲಿಲ್ಲ.

ನೀಲಾಂಬಿಕಾ ಕೇಳಿದರು. "ನೀವು ಈ ಊರಿನವರೇನಮ್ಮ?"

"ಅಯ್ಯೋ ಇಲ್ಲಪ್ಪ, ಹೂಡಿ."

"ಒಳ್ಳೇದಾಯ್ತು. ಊರಿನವರು ಹೇಳೋದನ್ನ ನಾವು ನಂಬಲ್ಲ. ಒಂದ್ಕಡೆ ನಾವು ಬರ್ತೀವಿ ಅಂತ ಇದ್ದ ಡಾಕ್ಟರನ್ನೇ ಧರ್ಮಸ್ಥಳಕ್ಕೆ ಕಳಿಸ್ಬಿಟ್ಟಿದ್ರು. ಹೊರಗಿನವರು ನೀವು ಹೇಳಿ, ಈ ಊರಲ್ಲಿ ಡಾಕ್ಟರು ಇದಾರಾ?"

"ಇದಾರಾ ಅಂತ ಕೇಳ್ತೀರಲ್ಲ! ಇಂಥಾ ಡಾಕ್ಟ್ರು ಬೆಂಗಳೂರಲ್ಲೇ ಇಲ್ಲ. ಈಗ ತಾನೇ ತೋರಿಸ್ಕೊಂಡು ಬಂದೆ. ಬೀಗ್ರೇ, ವನಜಾನ್ನ ಭಾನುವಾರನೇ ಕಳಿಸ್ತೀನಿ."

ನೀಲಾಂಬಿಕಾ ಪೆನ್ನು ತೆಗೆದರು. ಊರಿಗೆ ಡಾಕ್ಟರು ತಪ್ಪುತ್ತಿದ್ದರು, ಆದರೆ ಭಾನುವಾರ ಮಗಳು ಬರುತ್ತಿದ್ದಳು. ಊರಿಗೆ ಇನ್ನೊಂದು ವರ್ಷ ಕೇಳಿದರಾಯಿತು, ಚೊಚ್ಚಲ ಹೆರಿಗೆ ಇನ್ನೊಂದು ವರ್ಷ ಬರುವುದಿಲ್ಲವಲ್ಲ ಎಂದು ವೆಂಕಟೇಶಪ್ಪ ಸಮಾಧಾನ ಮಾಡಿಕೊಂಡು ತೆಪ್ಪಗೆ ನಿಂತ.

ಆಗ ಈಶಪ್ಪ ಕೋಟು ಹಾರಿಸಿಕೊಂಡು ಓಡಿಬಂದು ಅವನ ಕಿವಿಯಲ್ಲಿ ಉಸುರಿದ. "ಸಾವ್ಕಾರ್ರ, ಆ ಮೂಲಿ ರೂಮಿನ ಶೈಲಶ್ರೀ ಬಂದಾಳ್ರಿ, ಏಳು ತಿಂಗಳ ಬಸುರಿ. ಮುಂಜಾನಿಂದ ಹೊಟ್ಟ್ಯಾಗ ಕೂಸು ಮಿಸುಕಾಡವಲ್ದಂತ. ನನ್ನ ಕೈ ಹಿಡಕೊಂಡು ಡಾಕ್ಟರ್ರ, ಡಾಕ್ಟರ್ರ ಅಂತ ಅಳಾಕತ್ಯಾಳ್ರಿ. ಆಕೀಗೂ ಬಿಸಿನೀರು ಅನ್ಲೇನ್ರಿ?"

ತೆರೆದ ಬಾಗಿಲಿನಾಚೆ ಆ ಹುಡುಗಿ ಬೆಂಚಿನ ಮೇಲೆ ಕೂತಿದ್ದದ್ದು ವೆಂಕಟೇಶಪ್ಪನಿಗೆ ಕಂಡಿತು. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಈಶಪ್ಪ ಎದ್ದುಹೋದ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು. ವನಜಾಳ ವಯಸ್ಸು, ವನಜಾಳ ತಿಂಗಳು. ಭಾನುವಾರದ ಮೇಲೆ ಇದೇ ಬೆಂಚಿನ ಮೇಲೆ ತನ್ನ ಮಗಳು ಹೀಗೆ ಕೂತಿರುತ್ತಾಳೆ ಎನ್ನಿಸಿದೊಡನೆ ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಡಾಕ್ಟ್ರಮ್ಮಾ!" ಎಂದು ಕೂಗಿದ. ಕ್ಯೂ ಪೂರ್ತಿ ತಿರುಗಿ ನೋಡಿತು. "ನಮ್ಮೂರಾಗೆ ಡಾಕ್ಟ್ರಿಲ್ಲ! ಇವ್ನು ಗುಳಿಗೆ ಡಬ್ಬಿ ತುಂಬೋನು. ನಾನು ಸುಳ್ಳುಬುರುಕ. ಬರ್ಕೊಳೋದು ಆಮೇಲೆ, ಮೊದ್ಲು ನೀವು ಒಳೀಕ್ ಬನ್ನಿ!"

ನೀಲಾಂಬಿಕಾ ಫೈಲನ್ನು ಜೊತೆಗೆ ಬಂದಿದ್ದ ಗುಮಾಸ್ತನ ಕೈಗೆಸೆದು ಒಳಕ್ಕೆ ಓಡಿದರು. ಜೀಪಿನಲ್ಲಿ ಸ್ಟೆತಸ್ಕೋಪು ಇರಲಿಲ್ಲ, ಮೂರು ಸ್ಟೇಪ್ಲರ್ ಇದ್ದವು. ಆಕೆ ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸೆರಗು ಸರಿಸಿ, ಹೊಟ್ಟೆಗೆ ತಮ್ಮ ಕಿವಿಯನ್ನೇ ಇಟ್ಟರು. ಕೆಮ್ಮುವವರೆಲ್ಲ ಕೆಮ್ಮು ಹಿಡಿದುಕೊಂಡರು. ವಸಂತಮ್ಮ ಹುಡುಗಿಯ ತಲೆ ಸವರುತ್ತಾ ಇದ್ದಬದ್ದ ದೇವರನ್ನೆಲ್ಲ ನೆನೆದಳು.

ಇದ್ದಕ್ಕಿದ್ದಂತೆ ನೀಲಾಂಬಿಕಾ ಕೆನ್ನೆ ಹಿಡಿದುಕೊಂಡು ಎದ್ದು ಕೂತರು. "ಒದೀತು!" ಎಂದರು. ಕಣ್ಣಲ್ಲಿ ನೀರು. "ಸರಿಯಾಗಿ ಕೆನ್ನೆಗೇ ಒದೀತು ಕಣ್ರೀ!" ಶೈಲಶ್ರೀ ಅಳುತ್ತಲೇ ನಕ್ಕಳು. ಈಶಪ್ಪ ಕೋಟಿನ ತುದಿಯಿಂದ ಮುಖ ಒರೆಸಿಕೊಂಡ.

"ಆದ್ರೂ ಇವತ್ತೇ ಆಸ್ಪತ್ರೇಲಿ ತೋರಿಸ್ಬೇಕು. ರಕ್ತ ಕಮ್ಮಿ ಇದ್ದಂಗಿದೆ. ಹೆರಿಗೆವರೆಗೂ ಡಾಕ್ಟರು ಹತ್ತಿರ ಇರೋ ಕಡೆ ಇದ್ರೆ ಒಳ್ಳೇದು," ಎಂದರು ನೀಲಾಂಬಿಕಾ.

ಅನುಸೂಯಮ್ಮನಿಗೆ ಈಗ ಬಾಯಿ ಬಂತು. "ಏನ್ ಬೀಗ್ರೇ, ಡಬ್ಬಿ ತುಂಬೋನ ಕೈಲಿ ನನ್ನ ಮಂಡಿ ತೋರಿಸಿದ್ರಾ? ಇವನ ಕೈಲಿ ನನ್ನ ಸೊಸೆ ಹೆರಿಗೆ ಮಾಡಿಸ್ತಿದ್ರಾ? ವನಜಾ ಈ ಕಡೆ ತಲೆ ಹಾಕಿಯೂ ಮಲಗಲ್ಲ, ತಿಳ್ಕೊಳಿ! ನಮ್ಮನೇಲಿ ಏನು ಕಮ್ಮಿ? ಮುಂದೊಂದು ಆಸ್ಪತ್ರೆ, ಹಿಂದೊಂದು ಆಸ್ಪತ್ರೆ. ಇನ್ನೂ ನಾಲ್ಕು ಬಸುರೀರು ಬಂದ್ರೂ ನೋಡ್ಕೊಳ್ಳೋ ಯೋಗ್ಯತೆ ಇದೆ ನಮಗೆ!"

ಉತ್ತರ ಕೊಟ್ಟವಳು ವಸಂತಮ್ಮ.

"ನಾಲ್ಕು ಬ್ಯಾಡ ಬೀಗಿತ್ತಿ, ಒಬ್ಬಳು ಸಾಕು," ಎಂದು ಶೈಲಶ್ರೀಯ ಕೈ ಹಿಡಿದು ಎಬ್ಬಿಸಿದಳು. "ಇವಳ ಗಂಡ ಶಿಫ್ಟು ಮುಗಿಸ್ಕೊಂಡು ಸಾಯಂಕಾಲ ಅಲ್ಲಿಗೇ ಬತ್ತಾನೆ. ನಾನೂ ಬತ್ತೀನಿ. ವನಜಾಗೂ ಇವಳಿಗೂ ಸೇರಿಸಿ ಬಾಣಂತನ ನಾನೇ ಮಾಡ್ತೀನಿ. ಜಾಗ ನಿಮ್ದು, ಕೆಲಸ ನಂದು."

ತಾಯಿಯೇ ಮಗಳ ಗಂಡನ ಮನೆಗೆ ಹೋಗಿ ಬಾಣಂತನಕ್ಕೆ ಕೂರುವುದನ್ನು ಆ ಕಡೆ ಯಾರೂ ಕಂಡಿರಲಿಲ್ಲ. ಅನುಸೂಯಮ್ಮ ಬೇಡ ಎನ್ನಲು ನೋಡಿದಳು. ಆದರೆ ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಗುಮಾಸ್ತ ಮತ್ತು ಇಡೀ ಕ್ಯೂ ಆಕೆಯ ಯೋಗ್ಯತೆಯನ್ನು ಕಿವಿಯಾರೆ ಕೇಳಿತ್ತು. ಶೈಲಶ್ರೀಯ ಬಾಡಿದ ಮುಖ ನೋಡಿ ಆಕೆಯ ಸಿಟ್ಟೂ ಅರ್ಧ ಇಳಿದಿತ್ತು. "ಹತ್ತಮ್ಮ, ನಿಧಾನವಾಗಿ ಹತ್ತು," ಎಂದು ತಾನೇ ಕ್ವಾಲಿಸ್‌ನ ಬಾಗಿಲು ತೆಗೆದಳು. ಬಾಣಂತಿ ಖಾರದ ಡಬ್ಬ, ಹಳೇ ಸೀರೆಯ ಗಂಟು ಎಲ್ಲವೂ ಹಿಂದಿನ ಸೀಟು ಸೇರಿದವು. ವಸಂತಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು.

"ನಮ್ಮೂರಿಗೆ ಡಾಕ್ಟ್ರು ಬಂದ್ ದಿನ ಪೋನ್ ಮಾಡು, ವಾಪಸ್ ಬತ್ತೀನಿ. ಅಲ್ಲಿಗಂಟ ಒಲೆ ಮುಂದೆ ಕೂತು ಮುದ್ದೆ ನೀನೇ ತೊಳಸ್ಕೊ."

ಕ್ವಾಲಿಸ್ ಹೊರಟುಹೋಯಿತು. ನೀಲಾಂಬಿಕಾ ಕ್ಯೂನಲ್ಲಿದ್ದವರನ್ನೆಲ್ಲ ನೋಡಿ ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದವರ ಮುಖ ಅವರದಾಗಿತ್ತು. ಜೀಪು ಹತ್ತುತ್ತಾ, "ಡಾಕ್ಟರಿಲ್ಲ ಅಂತ ನಾನೇ ಬರೀತೀನಿ ಅಧ್ಯಕ್ಷರೇ. ಘೋಷಣೆ ಬೇಗ ಆಗತ್ತೆ," ಎಂದರು.

"ಡಾಕ್ಟ್ರು ಮೇಡಂ? ಡಾಕ್ಟ್ರು ಯಾವಾಗ?"

"ಅದು ನೋಡ್ಬೇಕು. ಆರು ತಿಂಗಳಾಗ್ಬಹುದು, ವರ್ಷವೂ ಆಗ್ಬಹುದು."

ಜೀಪು ಚಲಿಸಿತು. ವೆಂಕಟೇಶಪ್ಪ ಅದರ ಬಾಗಿಲು ಹಿಡಿದುಕೊಂಡು, ಜೊತೆಗೇ ದೌಡಾಯಿಸುತ್ತಾ, ಬಾಡಿಗೆದಾರರೆಲ್ಲರ ಎದುರಿಗೇ ಅಂಗಲಾಚಿದ.

"ಅಷ್ಟು ದಿನ ಆಗಕಿಲ್ಲ ಮೇಡಂ! ನಂಗೆ ಮುದ್ದೆ ತೊಳಸಾಕ್ ಬರಲ್ಲ!"