ಬೈರಾಸು ಎತ್ತಿದ ಕೈ

ನೀರು ಕಪ್ಪಾಯಿತಲ್ಲ, ಅಲ್ಲಿ, ದೋಣಿಯ ಬಡಗು ಬದಿಯಲ್ಲಿ, ಬೂತಾಯಿ ಮೀನಿನ ಹಿಂಡೇ, ಇಲ್ಲ, ಮೋಡದ ನೆರಳು, ಹೊಳೆಯಲ್ಲಿ ಎಲ್ಲಿಂದ ಬರಬೇಕು ಬೂತಾಯಿ, ಕಡಲಿನಲ್ಲೇ ಇಲ್ಲ ಈಗ, ಆದರೂ ಈ ಕೈ ನೋಡು, ಹೆಗಲಿನ ಬೈರಾಸಿಗೆ, ಈ ಟವೆಲಿನ ತುಂಡಿಗೆ, ಹೋಗಿಯೇಬಿಟ್ಟಿತು, ಥೂ, ಕಡಿದು ಹಾಕಬೇಕು ಇದನ್ನು — ಮುಂದೆ ದೋಣಿಯ ಮೂತಿಯಲ್ಲಿ ಕಿಟ್ಟು ನನಗೆ ಬೆನ್ನು ಹಾಕಿ ಕೂತಿದ್ದಾನೆ, ನನ್ನ ತಮ್ಮ, ಬೂಟುಗಳ ಲೇಸು ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು, ಕಾರ್ಖಾನೆಯವರು ಕೊಟ್ಟ ಬೂಟು, ವಾಪಸು ಕೊಡಲಿಕ್ಕೋ ಏನೋ, ಕೇಳುವ ಮುಖ ನನಗೆಲ್ಲಿದೆ. ನಿನ್ನೆ ಫುಟ್ಬಾಲ್ ಫೈನಲ್ ಮುಗಿದ ಮೇಲೆ ಒಂದೇ ಮಾತು ಆಡಿದ್ದಾನೆ, ಆ ಒಂದು ಮಾತು ಸಾಕು ನನಗೆ ಸಾಯುವವರೆಗೆ. ದೋಣಿಯವನಿಗೆ ಇದೆಲ್ಲ ಎಲ್ಲಿ ಗೊತ್ತು, ಹಲ್ಲು ಕಿರಿಯುತ್ತಾನೆ, ದೂಮಣ್ಣ, ನಿಮ್ಮ ಬೈರಾಸಿಗೆ ಒಂದು ಮಾಲೆ ಹಾಕ್ಬೇಕು ಮಾರಾಯ್ರೆ, ಕಪ್ ತಂದದ್ದು ಗೋಲ್‌ಕೀಪರ್ ಸಲಾಂ ಅಲ್ಲ, ನೀವು. ದೋಣಿಯಲ್ಲಿದ್ದವರೆಲ್ಲ ನಗುತ್ತಾರೆ, ಕಿಟ್ಟುವಿನ ಬೆನ್ನು ನಗುವುದಿಲ್ಲ, ನಿನ್ನೆ ಇವರೇ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು, ನಾನೂ ಕುಣಿದೆನಲ್ಲ, ನಾಚಿಕೆಗೆಟ್ಟವನು, ಮೇಲಿನಿಂದ ನೋಡಿದರೆ ಅವನೊಬ್ಬನೇ ಪೆನಾಲ್ಟಿ ಗುರುತಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದ.

ಇಪ್ಪತ್ತು ವರ್ಷ ನೆಹರೂ ಮೈದಾನದಲ್ಲಿ ಪಡುವಣ ಗೋಲಿನ ಹಿಂದೆ ನಿಂತವನು ನಾನು, ಯಾವ ಟೀಮಿನ ಜಾತಕ ಬೇಕು ಹೇಳಿ, ಬ್ಯಾಂಕಿನವರು ಒಳ್ಳೆಯ ಆಟಗಾರರು, ಆದರೆ ನಾಲ್ಕು ಗಂಟೆಯ ಮೇಲೆ ಓಡುವ ಅಭ್ಯಾಸವಿಲ್ಲ, ಬಲ್ಮಠದ ಕಾಲೇಜು ಹುಡುಗರು ಬಾಲಿಗೆ ನೋವಾಗುತ್ತದೋ ಎಂಬ ಹಾಗೆ ಸವರುತ್ತಾರೆ, ಪಾಸು ಪಾಸು ಪಾಸು, ಗೋಲಿಗೆ ಹೊಡೆಯುವುದು ಮರ್ಯಾದೆಯಲ್ಲ ಅವರಿಗೆ, ಪೊಲೀಸಿನವರಿಗೆ ಬಾಲ್ ಯಾವುದು ಮೊಣಕಾಲು ಯಾವುದು ಇನ್ನೂ ತಿಳಿದಿಲ್ಲ, ಇನ್ನು ಬೈಕಂಪಾಡಿಯ ಆ ಕಾರ್ಖಾನೆಯ ಟೀಮು, ಅದು ಟೀಮೇ ಅಲ್ಲ, ಬಾಡಿಗೆ ಕಾಲುಗಳ ಮೂಟೆ, ಕೇರಳದವನೊಬ್ಬ, ಗೋವಾದವನೊಬ್ಬ, ಆಟಕ್ಕೆಂದೇ ಸಂಬಳ, ಬೆಳಿಗ್ಗೆ ಮೊಟ್ಟೆ, ಸಂಜೆ ಹಾಲು, ಒಂದು ಬೋಲ್ಟು ತಿರುಗಿಸಿದವನಿಲ್ಲ ಅದರಲ್ಲಿ. ನಮ್ಮೂರು ಬೆಂಗ್ರೆ ಹಾಗಲ್ಲ, ಬೆಂಗ್ರೆಯವರು ಕಡಲ ದಂಡೆಯ ಹೊಯಿಗೆಯಲ್ಲಿ ಬರಿಗಾಲಲ್ಲಿ ಕಲಿತವರು. ಇದನ್ನೆಲ್ಲ ಕಿಟ್ಟುವಿನ ಎದುರೇ ಹೇಳಿದ್ದೆ, ಅವನು ಆ ಕಾರ್ಖಾನೆಗೆ ಸೇರಿದ ದಿನ, ಕಾಲು ಮಾರಿ ಬಂದೆಯಾ ಅಂದಿದ್ದೆ, ಅವನು ತಲೆ ತಗ್ಗಿಸಿ ಊಟ ಮಾಡುತ್ತಿದ್ದ, ಅವನ ಹೆಂಡತಿ ಕುಮುದಿನಿ ಸೌಟು ಹಿಡಿದು ನಿಂತವಳು, ಭಾವ, ನೀವು ಬೆಂಗ್ರೆ ಬೆಂಗ್ರೆ ಅಂತ ಬೊಬ್ಬೆ ಹಾಕಿ, ಬೇಡ ಅನ್ನುವುದಿಲ್ಲ, ಆದ್ರೆ ಈ ಅನ್ನ ಬಂದದ್ದು ಬೈಕಂಪಾಡಿಯಿಂದ. ಸುಳ್ಳೇನು, ನನ್ನ ರಂಪಣಿ ಬಲೆ ಕೊಟ್ಟಿಗೆಯಲ್ಲಿ ಮಡಚಿ ಬಿದ್ದು ಎರಡು ವರ್ಷ, ಇಲಿ ಮರಿ ಹಾಕಿದೆ ಅದರಲ್ಲಿ, ಪರ್ಸಿನ್ ಬೋಟುಗಳು ಬಂದು ಆಳದಲ್ಲೇ ಹಿಂಡಿಗೆ ಹಿಂಡನ್ನು ಬಾಚಿಕೊಂಡ ಮೇಲೆ ದಡಕ್ಕೆ ಬರುವುದೇನು, ನೊರೆ. ಕಿಟ್ಟುವಿನದೂ ಗಟ್ಟಿ ಕೆಲಸವಲ್ಲ, ಟೆಂಪರರಿ, ಟೀಮಿನ ಮ್ಯಾನೇಜರು ಜಯಪಾಲರು ಹೇಳಿದ್ದರು, ಫೈನಲಿನಲ್ಲಿ ಗೆದ್ದರೆ ಪರ್ಮನೆಂಟ್ ಕಾಗದ, ಸಮವಾಗಿ ಕಪ್ ಹಂಚಿಕೊಂಡರೂ ಅಡ್ಡಿಯಿಲ್ಲ, ಸೋತ್ರೆ ಮಾತ್ರ ನನ್ನ ಕೈಯಲ್ಲಿಲ್ಲ ಕಿಟ್ಟು, ಮೇಲಿನವರು ಟೀಮನ್ನೇ ಬೇಡ ಅಂತಿದ್ದಾರೆ. ಇದು ನನಗೆ ಗೊತ್ತಿತ್ತು, ಗೊತ್ತಿಲ್ಲದೆ ಮಾಡಿದ್ದಲ್ಲ, ದೇವರೇ, ಗೊತ್ತಿತ್ತು, ಕುಮುದಿನಿಗೆ ಆರು ತಿಂಗಳು ತುಂಬಿದ್ದೂ ಗೊತ್ತಿತ್ತು.

ಎದುರಿಗೆ ಯಾರು ಬಂದದ್ದು ಫೈನಲಿಗೆ, ಬೆಂಗ್ರೆ. ನಾನು ಎಲ್ಲಿ ನಿಲ್ಲಬೇಕಿತ್ತು, ಮನೆಯಲ್ಲೇ ಕೂರಬಹುದಿತ್ತು, ಕೂತೆನೇ, ಊಟ ಬಿಟ್ಟು ಮೊದಲ ದೋಣಿಗೇ ಹೋಗಿ ಅದೇ ಪಡುವಣ ಗೋಲಿನ ಹಿಂದೆ, ಬಲೆಯ ಕಣ್ಣಿಗೆ ಮೂಗು ತಾಗಿಸಿ. ನಾವು ಒಂದು ಗೋಲು ಮುಂದೆ, ಮೂರು ನಿಮಿಷ ಬಾಕಿ, ನಮ್ಮವನೊಬ್ಬನ ಕೈಗೆ ಬಾಲ್ ತಾಗಿತು, ರೆಫ್ರಿ ಕಜೆಟನ್ ಸೀಟಿ ಊದಿ ಬೆರಳು ತೋರಿಸಿದರು, ಪೆನಾಲ್ಟಿ, ಹೊಡೆಯುವವನು ಕಿಟ್ಟು, ಆಗ ನಾನು ಮನಸ್ಸಿನಲ್ಲಿ ಅಂದುಕೊಂಡೆ, ಇದು ಸತ್ಯ, ಬೇಕಾದರೆ ಕಟೀಲಿಗೆ ಹೋಗಿ ಆಣೆ ಮಾಡುತ್ತೇನೆ, ಹೊಡೆಯಲಿ, ಸಮವಾಗಲಿ, ಕಪ್ಪೂ ಇರಲಿ ಕೆಲಸವೂ ಇರಲಿ ಎಂದೇ ಅಂದುಕೊಂಡೆ. ಕಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋದ, ನಿಂತ, ಎಡ ಹೆಗಲು ಒಂದಿಷ್ಟು ಬಾಗಿತು, ಹಿಂಡು ಹೊರಳುವ ಮೊದಲು ನೀರು ಕಪ್ಪಾಗುತ್ತದಲ್ಲ, ಹಾಗೆ, ಅಷ್ಟೇ, ಮತ್ತೆ ನಾನು ಮೈದಾನದಲ್ಲಿ ಇರಲಿಲ್ಲ, ದಡದಲ್ಲಿದ್ದೆ, ರಂಪಣಿ ಬಿಟ್ಟಿದೆ, ಅರ್ಧ ಊರು ಎರಡು ಹಗ್ಗ ಹಿಡಿದು ಕಾಯುತ್ತಿದೆ, ಹಿಂಡು ಎತ್ತ ಹೊರಳುತ್ತದೆಂದು ನೋಡಿ ಹೇಳುವವನು ನಾನು, ಅಪ್ಪನ ನಂತರ ನಾನೇ, ಬೈರಾಸು ಎತ್ತಿದ ಕಡೆಯ ಹಗ್ಗ ಓಡಬೇಕು, ಯಾಕೆ ಅಂತ ಯಾರೂ ಕೇಳುವುದಿಲ್ಲ, ಕೇಳುತ್ತಾ ನಿಂತರೆ ಮೀನು ಹೋಯಿತು. ಎತ್ತಿಬಿಟ್ಟೆ. ಬಾಯಿಯೂ ಬಿಟ್ಟೆ, ತೆಂಕು, ಓ ತೆಂಕು! ಹನ್ನೆರಡು ವರ್ಷ ನನ್ನ ತೆಂಕು ಬಡಗು ಕೇಳಿ ಹಗ್ಗ ಎಳೆದವನು ಸಲಾಂ, ನಮ್ಮ ಗೋಲಿ, ತಿರುಗಿಯೂ ನೋಡಲಿಲ್ಲ, ತೆಂಕಿಗೆ ಹಾರಿದ, ಬಾಲ್ ಸಾಕಿದ ಬೆಕ್ಕಿನಂತೆ ಅವನ ಎದೆಗೇ ಬಂತು.

ಕಾರ್ಖಾನೆಯವರು ಜಗಳಕ್ಕೆ ಬಂದರು, ಗೋಲಿನ ಹಿಂದೆ ನಿಂತವರ ಬಾಯಿಗೆ ನಾನು ಸೀಟಿ ಊದ್ಲಿಕ್ಕೆ ಆಗ್ತದಾ ಅಂದರಂತೆ ಕಜೆಟನ್, ಆಮೇಲೆ ಪಟಾಕಿ, ಹೆಗಲು, ಕುಣಿತ. ಮನೆಗೆ ಬಂದರೆ ಅವನು ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದ, ನಾನು ಕಂಬ ಹಿಡಿದು ನಿಂತು, ಕಿಟ್ಟು, ನಿನ್ನ ಹೆಗಲು ನೋಡಿದ ಕೂಡಲೇ ನನಗೆ ಗೊತ್ತಾಯ್ತು ಮಾರಾಯ, ತೆಂಕಿಗೇ ಅಂತ, ಕೈ ತಡೀಲಿಲ್ಲ ಅಂದೆ, ಅದರಲ್ಲೂ ಒಂಚೂರು ಹೆಮ್ಮೆ ಇತ್ತು, ಇತ್ತಲ್ಲ, ಇತ್ತು. ಅವನು ತಂಬಿಗೆ ಕೆಳಗಿಟ್ಟ. ನಾನು ಬಡಗಿಗೆ ಹೊಡಿಯುವವ ಇದ್ದೆ ಅಣ್ಣ, ನಿನ್ನ ಬೈರಾಸು ಕಂಡಿತು, ಕಾಲು ಅದು ಹೇಳಿದಲ್ಲಿಗೇ ಹೋಯ್ತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ, ಟವೆಲು ತೆಗೆದುಕೊಂಡು ಒಳಗೆ ಹೋದ. ಹಾಗಾದರೆ ಆ ಹೆಗಲು ಬಾಗಲೇ ಇಲ್ಲವೇ, ನಾನು ಕಂಡದ್ದೇನು, ಇಷ್ಟು ವರ್ಷ ಕಡಲಿನಲ್ಲಿ ಕಂಡದ್ದೇನು, ಹಿಂಡು ಹೊರಳಿತ್ತೋ, ನಾನು ಎತ್ತಿದೆನೆಂದು ಎಲ್ಲರೂ ಅಲ್ಲೇ ಇದೆ ಅಂದುಕೊಂಡರೋ, ತಪ್ಪಿಹೋದ ಮೀನಿಗೆ ಲೆಕ್ಕವಿಲ್ಲ, ಅದು ಬಂದು ಹೇಳುವುದಿಲ್ಲ, ತಮ್ಮನೊಬ್ಬ ಹೇಳಿದ. ಬ್ಯಾಂಕಿನವರು ಹೀಗೆ ಬಲ್ಮಠದವರು ಹಾಗೆ ಎಂದು ಬಾಯಿ ಹರಿಯುವಷ್ಟು ಹೇಳಿದೆನಲ್ಲ, ನನಗೆ ಆಟವೂ ಗೊತ್ತಿಲ್ಲ, ಕಡಲೂ ಗೊತ್ತಿಲ್ಲ, ತಮ್ಮನೂ ಗೊತ್ತಿಲ್ಲ.

ದೋಣಿ ದಡಕ್ಕೆ ತಾಗಿತು, ಸುಲ್ತಾನ್ ಬತ್ತೇರಿ, ಎಲ್ಲರೂ ಇಳಿಯುತ್ತಾರೆ, ಜಯಪಾಲರ ಕಾಲು ಹಿಡಿಯುತ್ತೇನೆ, ತಪ್ಪು ನನ್ನದು ಧಣಿ, ಅವನದಲ್ಲ, ಬೈರಾಸಿನದು ಅನ್ನುತ್ತೇನೆ, ನಗುತ್ತಾರೆ, ನಗಲಿ. ಕಿಟ್ಟು ಇಳಿದು ಹತ್ತು ಹೆಜ್ಜೆ ಹೋಗಿ ನಿಂತ. ಬಡಗಿಗೆ ಕೂಳೂರು ದಾಟಿ ಬೈಕಂಪಾಡಿ, ಕಾರ್ಖಾನೆಯ ಗೇಟು, ಒಳಗೆ ಬಿಡುತ್ತಾರೋ ಇಲ್ಲವೋ, ತೆಂಕಿಗೆ ದಕ್ಕೆ, ಮೀನಿನ ಬಂದರು, ಅಲ್ಲಿ ಪರ್ಸಿನ್ ಬೋಟಿನ ಮಾಲಕ ಜನ ಬೇಕು ಅಂದಿದ್ದಾನಂತೆ, ನಮ್ಮ ಬಲೆಗೆ ಇಲಿ ಬಿಟ್ಟ ಬೋಟು. ಅವನು ತಿರುಗಿದ, ಬೆಳಿಗ್ಗೆಯಿಂದ ಮೊದಲ ಸಲ, ಎದೆಯ ಮೇಲೆ ಬೂಟು ತೂಗುತ್ತಿದೆ, ಎಲ್ಲಿಗೆ ಹೋಗುದು ಅಣ್ಣ, ಸಿಟ್ಟಿಲ್ಲ ಆ ಸ್ವರದಲ್ಲಿ, ಅದೇ ಹಳೆಯ ಸ್ವರ, ಹಗ್ಗ ಹಿಡಿದು ಕೇಳುವ ಸ್ವರ, ಇನ್ನೂ ನನ್ನನ್ನೇ ಕೇಳುತ್ತಾನಲ್ಲ, ಇನ್ನೂ, ಕಣ್ಣು ತುಂಬಿ ಅವನು ಕಾಣುವುದಿಲ್ಲ, ಒರೆಸಿಕೊಳ್ಳಬೇಕು, ಬೈರಾಸು ಕೈಗೆ ಬಂದಿದೆ, ಅವನು ಅದನ್ನೇ ನೋಡುತ್ತಿದ್ದಾನೆ, ಎತ್ತಿದರೆ ಎತ್ತಿದ ಕಡೆಗೇ ಹೋಗಿಬಿಡುತ್ತಾನೆ, ಬೈರಾಸು, ಕೈಯಲ್ಲಿ, ಅವನು ನೋಡುತ್ತಿದ್ದಾನೆ, ಬೈರಾಸು —