ಪಣಕಹಳ್ಳಿಯ ಆಕ್ಷೇಪಣೆ

ಪಣಕಹಳ್ಳಿಯ ಚಿಕ್ಕಬಸಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಪೇಪರು ಕಂಕುಳಲ್ಲಿ. ಊರು ತಮಿಳುನಾಡಿನದು, ಮಾತು ಕನ್ನಡ. ಗಡಿಯಾಚೆಯ ಚಾಮರಾಜನಗರದ ಕಡೆಯಿಂದ ಮೊದಲ ಬಸ್ಸಿಗೆ ಬರುವ ಕನ್ನಡ ಪೇಪರನ್ನು ಟೀ ಅಂಗಡಿಯಲ್ಲಿ ಅವನು ಗಟ್ಟಿಯಾಗಿ ಓದಬೇಕು, ಊರು ಕೇಳಬೇಕು. ಅವನು ಓದಿದ್ದೇ ಸುದ್ದಿ.

ಆ ವಾರ ಊರಿಗೆ ಇದ್ದದ್ದು ಒಂದೇ ಚಿಂತೆ. ಉಳುಮೆಯಿಲ್ಲದೆ ಬಿದ್ದಿರುವ ಪೊರಂಬೋಕು ಎಂಬ ಸರ್ಕಾರಿ ಜಾಗಗಳನ್ನು ಸೋಲಾರ್ ಪಾರ್ಕಿಗೆ ಕೊಡಬಹುದೆಂದು ಸರ್ಕಾರ ಕರಡು ನಿಯಮ ಹೊರಡಿಸಿ, ಆಕ್ಷೇಪಣೆ ಇದ್ದರೆ ಕೊಡಿ ಎಂದಿತ್ತು. ಅದರ ಪ್ರಕಾರ ಊರಿನ ದನ ಕುರಿ ಮೇಯುವ ಇಡೀ ಗುಡ್ಡ ಬಿದ್ದಿರುವ ಜಾಗ. ಚಿಕ್ಕಬಸಪ್ಪನ ನಲವತ್ತು ಕುರಿಗೂ ಅದೇ ಗುಡ್ಡ. ಅದು ಹೋದರೆ ಕುರಿ ಮಾರಿ ಕೈಕಟ್ಟಿ ಕೂರುವುದೇ.

ಈ ಸಂಗತಿಯನ್ನು ಮೊದಲು ಹೇಳಿದವಳು ಡೈರಿಯಲ್ಲಿ ಹಾಲು ಅಳೆಯುವ ನಾಗಮಣಿ. ಓದಿದ್ದು ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸು. ಕಚೇರಿಯ ತಮಿಳನ್ನು ತಾನೇ ಕಲಿತಳು. ಹಾಲಿನ ಕ್ಯಾನು ವ್ಯಾನಿಗೇರಿದ ಮೇಲೆ ಫೋನು ಹಿಡಿದು ಕೂತರೆ, ವಿಧಾನಸಭೆಗೆ ಯಾವ ಮಸೂದೆ ಬಂತು, ಗೆಜೆಟ್ಟಿನಲ್ಲಿ ಏನು ಬಂತು, ಗಾಳಿಯಂತ್ರಕ್ಕೇನು, ಸೋಲಾರ್ ಪಂಪಿಗೇನು, ಕಾಡಿಗೇನು, ಎಲ್ಲ ಹುಡುಕಿ ಕನ್ನಡದಲ್ಲಿ ಡೈರಿಯ ಕರಿಹಲಗೆಯ ಮೇಲೆ ಬರೆಯುತ್ತಾಳೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಓದುವವರಿಗಿಂತ ನಗುವವರೇ ಹೆಚ್ಚು.

ಮಂಗಳವಾರ ಚಿಕ್ಕಬಸಪ್ಪ ಪೇಪರಿನಲ್ಲಿ ಓದಿದ: ಸೋಲಾರ್ ಜಮೀನಿನ ಆಕ್ಷೇಪಣೆಗೆ ಸರ್ಕಾರ ಇನ್ನೂ ಒಂದು ತಿಂಗಳು ಕೊಟ್ಟಿದೆ. ನಾಗಮಣಿ ಕಳಿಸಲಿದ್ದ ಆಕ್ಷೇಪಣೆಗೆ ರುಜು ಹಾಕಲು ಡೈರಿಗೆ ಹೊರಟವರನ್ನೆಲ್ಲ ಅವನೇ ತಡೆದು, “ರಾಗಿ ಕುಯ್ಲು ಮುಗೀಲಿ, ಆಮೇಲೆ ನೋಡವ” ಎಂದು ವಾಪಸು ಕಳಿಸಿದ.

ಎರಡು ದಿನ ಒಬ್ಬರೂ ರುಜು ಹಾಕದ್ದು ಏಕೆಂದು ನಾಗಮಣಿಗೆ ತಿಳಿದದ್ದು ಗುರುವಾರ ಬೆಳಿಗ್ಗೆ. ನೇರ ಟೀ ಅಂಗಡಿಗೇ ಬಂದಳು.

“ದೊಡ್ಡಪ್ಪ, ತಿಂಗಳು ಟೈಮ್ ಅದ ಅಂತ ಏಳ್ದೋರು ಯಾರು?”

“ನಾನೇ ಕಣ. ಪೇಪರ್‌ನಲ್ಲಿ ಅಚ್ಚಾಗದ. ನಿನ್ ಅಲಗೆ ಏನು ಪೇಪರ್‌ಗಿಂತ ದೊಡ್ಡದಾ?”

“ಯಾವ ಸರ್ಕಾರದ್ದು ಅಚ್ಚಾಗದ?”

“ಸರ್ಕಾರ ಅಂದ್ರ ಸರ್ಕಾರ! ಅದ್ರಲ್ಲಿ ಯಾವ್ದು ಅಂತ ಬೇರೆ ಅದಾ?”

“ಅದು ಬೆಂಗಳೂರು ಸರ್ಕಾರ, ದೊಡ್ಡಪ್ಪ. ಅವ್ರೂ ಇಂಥದ್ದೇ ಕರಡು ತಂದವ್ರ, ಟೈಮ್ ಕೊಟ್ಟವ್ರ. ನಮ್ಮ ಗುಡ್ಡದ ಮಾತು ಚೆನ್ನೈಯೋರ ಕೈಲದ. ನಮ್ದು ನಾಳ ಸಂಜ ಐದು ಗಂಟಗೆ ಮುಗೀತದ.”

ಟೀ ಅಂಗಡಿಯ ಜಡೇಸ್ವಾಮಿ ಕಿಸಕ್ಕನೆ ನಕ್ಕ. “ಬಸಪ್ಪಣ್ಣ, ಓಟು ಆಕದು ಇತ್ತಗ, ಪೇಪರ್ ಓದದು ಅತ್ತಗ!”

“ಬಾಯ್ ಮುಚ್ಲಾ!” ಚಿಕ್ಕಬಸಪ್ಪ ಲೋಟ ಕುಕ್ಕಿದ ರಭಸಕ್ಕೆ ಟೀ ಬೆಂಚಿನ ಮೇಲೆಲ್ಲ ಚೆಲ್ಲಿತು. “ನಾಲ್ಕಕ್ಷರ ತಮಿಳು ಕಲ್ತುಬುಟ್ರ ಊರಿಗೇ ಬುದ್ಧಿ ಏಳಕ ಬಂದ್ಬುಡ್ತಾಳ!”

ನಾಗಮಣಿ ಎದುರು ಕೂಗಲಿಲ್ಲ. ಫೋನನ್ನು ಅವನ ಮುಂದೆ ಹಿಡಿದಳು. ಚಿಕ್ಕಬಸಪ್ಪನಿಗೆ ತಮಿಳು ಓದಲು ಬಾರದು, ತಾರೀಖು ಓದಲು ಬರುತ್ತದಲ್ಲ. ನಾಳೆಯದೇ. ಪೇಪರನ್ನು ಮಡಚಿ ಕಂಕುಳಿಗೆ ಸಿಕ್ಕಿಸಿದ.

ಊರಿಗೆ ತಪ್ಪು ಹೇಳಿದವನು ಅವನು. ಸರಿ ಹೇಳಬೇಕಾದವನೂ ಅವನೇ. ಸಂಜೆ ಹಾಲಿನ ಹೊತ್ತಿಗೆ ಡೈರಿಯ ಬಾಗಿಲಲ್ಲಿ ಇಂಕು ಪ್ಯಾಡು ಹಿಡಿದು ನಿಂತ.

“ನಾ ಏಳಿದ್ದು ತಪ್ಪು ಕಣ್ರವ್ವ. ನಾಳಗೇ ಕಡೇ ದಿನ.”

ಹಾಲಿನ ಚೊಂಬು ಹಿಡಿದ ಪುಟ್ಟಮಾದಮ್ಮ ಅವನನ್ನೇ ನೋಡಿದಳು. “ಐವತ್ತು ವರ್ಸದಲ್ಲಿ ನಿನ್ ಬಾಯಲ್ಲಿ ಇದ್ನ ಕೇಳ್ನಿಲ್ಲ ಕಣಪ್ಪ. ಇನ್ನೊಂದ್ಸಲ ಏಳು, ಆಮೇಲೆ ಎಬ್ಬೆಟ್ಟು ಒತ್ತಿನಿ.”

ಇನ್ನೊಂದು ಸಲ ಹೇಳಿದ. ಸಾಲಿನಲ್ಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು, ಹಾಲಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ರುಜು ಹಾಕಿದರು. ನೂರಾ ನಲವತ್ತಮೂರು.

“ಸೋಲಾರೇ ಬ್ಯಾಡ ಅಂತ ಬರಿ ಕೂಸೆ” ಎಂದ ಚಿಕ್ಕಬಸಪ್ಪ.

“ಅಂಗ್ ಬರದ್ರ ಕಸದ ಬುಟ್ಟಿಗ ಓಯ್ತದ. ಕರೆಂಟು ನಮ್ಗೂ ಬೇಕು, ಬಿಸ್ಲೂ ಬೇಕಾದಷ್ಟದ. ದನ ಮೇಯೋ ಜಾಗ ಬಿದ್ದಿರೋ ಜಾಗ ಅಲ್ಲ, ಗ್ರಾಮಸಭೆ ಒಪ್ಪದೆ ಕೊಡಬ್ಯಾಡಿ. ಇಷ್ಟೇ. ಒಂದು ಸಾಲು ಸೇರ್ಸದು ಅವ್ರಿಗೂ ಸುಲಭ.”

ಶುಕ್ರವಾರ ಇಬ್ಬರೂ ದಿಂಬಂ ಘಾಟಿ ಇಳಿದು ಈರೋಡಿನ ಜಿಲ್ಲಾ ಕಚೇರಿಗೆ ಹೋದರು. ಕಚೇರಿಯ ಗುಮಾಸ್ತ ಕಾಗದ ಮುಟ್ಟದೆ, ತಾಲೂಕಿನಲ್ಲೇ ಕೊಡಿ ಎಂದ. ಮೇಜು ಕುಟ್ಟಲು ಚಿಕ್ಕಬಸಪ್ಪನ ಕೈ ಏಳುತ್ತಿತ್ತು. ಅಷ್ಟರಲ್ಲಿ ನಾಗಮಣಿ ಪ್ರಕಟಣೆ ಬಿಚ್ಚಿ, ಜಿಲ್ಲಾ ಕಚೇರಿಯೇ ಸ್ವೀಕರಿಸಬೇಕೆಂಬ ಸಾಲಿನ ಮೇಲೆ ಬೆರಳಿಟ್ಟು ತಮಿಳಿನಲ್ಲಿ ಓದಿದಳು. ದನಿ ಏರಿಸಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ಗುಮಾಸ್ತ ಅವಳ ಮುಖ ನೋಡಿ, ಗಡಿಯಾರ ನೋಡಿ, ಸೀಲು ಒತ್ತಿದ. ನಾಲ್ಕೂ ಇಪ್ಪತ್ತು. ಕೂಗಾಡಿ ಎಷ್ಟೋ ಕಚೇರಿಗಳಿಂದ ಬರಿಗೈಲಿ ಬಂದಿದ್ದ ಚಿಕ್ಕಬಸಪ್ಪ ಆ ಬೆರಳನ್ನೇ ನೋಡುತ್ತ ನಿಂತಿದ್ದ.

ಮೂರು ತಿಂಗಳಿಗೆ ಅಂತಿಮ ನಿಯಮ ಬಂತು. ಬೆಳಗಿನ ಹಾಲು ಮುಗಿದರೂ ಯಾರೂ ಮನೆಗೆ ಹೋಗಿರಲಿಲ್ಲ. ನಾಗಮಣಿ ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿದಳು: ಮೇಯುವ ಪೊರಂಬೋಕನ್ನು ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಕೊಡತಕ್ಕದ್ದಲ್ಲ.

“ಅಂದ್ರ ಇನ್ ಯಾರೂ ಗುಡ್ಡ ಮುಟ್ಟಂಗಿಲ್ವಾ?” ಎಂದ ಚಿಕ್ಕಬಸಪ್ಪ.

“ಮುಟ್ಬೋದು ದೊಡ್ಡಪ್ಪ. ನಮ್ಮನ್ನ ಕೇಳ್ಬೇಕು.”

“ಕೇಳ್ಲಿ. ಕೇಳಕ ಬಂದಾಗ ನೀ ಮಾತಾಡವ್ವ. ನಾ ಪಕ್ದಲ್ಲಿ ತೆಪ್ಪಗ ಕೂತಿರ್ತಿನಿ.”

ಅವನು ತೆಪ್ಪಗೆ ಕೂರುತ್ತಾನೆಂದು ಡೈರಿಯಲ್ಲಿ ಒಬ್ಬರೂ ನಂಬಲಿಲ್ಲ. ನಂಬದಿದ್ದರೆ ಹಾಳಾಗಿಹೋಗಿ ಎಂದು ಬೈದು, ಅವನು ಕುರಿ ಬಿಡಲು ಎದ್ದ.