ದಡದ ಬಿಳಿಪಟ್ಟಿ

ವಾರಿಜಾ ಮೆಂಡನ್ ತರಗತಿ ಮುಗಿಸಿ ಹೊರಬಂದರೆ ಅವಳ ಬಲ ಅಂಗೈ ಬೆಳ್ಳಗಿರುತ್ತಿತ್ತು. ಸೀಮೆಸುಣ್ಣ. ಏನಂದಿರಿ? ಅಷ್ಟು ದೊಡ್ಡ ಸಂಸ್ಥೆಯಲ್ಲಿ ಸೀಮೆಸುಣ್ಣ ಎಲ್ಲಿಂದ ಬಂತು, ಸರ್‌ಗೆ ಈಗೀಗ ನೆನಪು ಕೈಕೊಡುತ್ತಿದೆ ಅಂತಲೇ? ನಮ್ಮ ಹಳೆಯ ವಿದ್ಯಾರ್ಥಿಗಳ ಈ ಗುಂಪಿನಲ್ಲಿ ಹಾಗೆ ಬರೆದವನು ಯಾರೆಂದು ನನಗೆ ಗೊತ್ತು. ಕೊನೆಯ ಬೆಂಚಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದವನು ನನ್ನ ನೆನಪಿಗೆ ತೀರ್ಪು ಕೊಡುವುದು ಬೇಡ. ನಿನ್ನೆ ಏನು ಉಂಡೆ ಎಂಬುದು ಮರೆಯುತ್ತದೆ, ಒಪ್ಪಿದೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ತಡಕುತ್ತೇನೆ, ಅದೂ ನಿಜ. ಆ ಅಂಗೈ ಮಾತ್ರ ಮರೆಯುವಂಥದ್ದಲ್ಲ. ಬೆರಳು ನಡುಗುವುದರಿಂದ ಬರೆಯಲಾರೆ. ಬಾಯಿ ಇನ್ನೂ ಗಟ್ಟಿಯಿದೆ. ಅದಕ್ಕೇ ಈ ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳುತ್ತಿದ್ದೇನೆ. ನಡುವೆ ಬಾಯಿ ಹಾಕದೆ ಕೇಳಿ.

ನಮ್ಮದು ಗುಡ್ಡದ ಮೇಲಿನ ಸಂಸ್ಥೆ. ಕೆಳಗೆ ನದಿಯ ಬಾಯಿ, ಅದರ ಆಚೆ ಸಮುದ್ರ. ಉಪಗ್ರಹದಿಂದ ಸಮುದ್ರವನ್ನು ಓದುವುದು ಹೇಗೆಂದು ನಾವು ಕಲಿಸುತ್ತಿದ್ದೆವು. ನನ್ನ ಪಾಲಿಗೆ ಅಲೆಯ ಎತ್ತರ, ವಾರಿಜಳ ಪಾಲಿಗೆ ನೀರಿನ ಬಣ್ಣ. ನೀರಿನಲ್ಲಿ ಕಣ್ಣಿಗೆ ಕಾಣದ ಸಸ್ಯಕಣಗಳು ಹೆಚ್ಚಾದರೆ ಬಣ್ಣ ಬದಲಾಗುತ್ತದೆ. ಆ ಬದಲಾವಣೆಯನ್ನು ಆಕಾಶದಿಂದ ಹಿಡಿಯಬಹುದು. ಅವುಗಳಲ್ಲಿ ಕೆಲವು ವಿಷದ ಜಾತಿಯವು. ಅವನ್ನು ತಿಂದ ಮರುವಾಯಿ, ಅಂದರೆ ನಮ್ಮ ಕಡೆ ನದಿಬಾಯಿಯ ಕೆಸರಿನಿಂದ ಹೆಕ್ಕುವ ಚಿಪ್ಪುಮೀನು, ತಾನು ಸಾಯುವುದಿಲ್ಲ. ತಿಂದವರನ್ನು ಕೊಲ್ಲುತ್ತದೆ.

ವಾರಿಜಳ ತಾಯಿ ಸತ್ತದ್ದು ಹಾಗೆ. ಇವಳು ಆಗ ತೊಡೆಯ ಮೇಲೆ ಕೂರುವ ಮಗು. "ತುಟಿ ಜುಮ್ ಅಂತದೆ" ಎಂದು ಶುರುವಾಯಿತಂತೆ. ಆಮೇಲೆ ನಾಲಗೆ, ಆಮೇಲೆ ಕೈಕಾಲು, ಕೊನೆಗೆ ಉಸಿರು. ಅಕ್ಕ ಅಪ್ಪಿ ತಾನೂ ಮರುವಾಯಿ ಹೆಕ್ಕುತ್ತಲೇ ತಂಗಿಯನ್ನು ಸಾಕಿದಳು, ಓದಿಸಿದಳು. ಬೇರೆ ಕಸುಬು ಅವಳಿಗೆ ಗೊತ್ತಿರಲಿಲ್ಲ. ತಂಗಿ ಓದಿ ಓದಿ ಆಕಾಶದವರೆಗೆ ಹೋದದ್ದು ಒಂದೇ ಕಾರಣಕ್ಕೆ: ಆ ನೀರು ಇನ್ನೊಮ್ಮೆ ಹೇಳದೆ ಕೇಳದೆ ದಡಕ್ಕೆ ಬರಬಾರದು.

ಅವಳ ಮೊದಲ ಪಾಠ ನಿಮಗೆ ಗೊತ್ತೇ ಇದೆ. ಪರದೆ ಗಿರದೆ ಬಿಟ್ಟು ಕರಿಹಲಗೆಯ ಮೇಲೆಯೇ ದಡವನ್ನು ಬರೆಯುತ್ತಿದ್ದಳು. ಬಣ್ಣದ ಸುಣ್ಣದಿಂದ ಸಮುದ್ರ ತುಂಬುತ್ತಿದ್ದಳು. ಆಮೇಲೆ ಒಂದು ಬಿಳಿ ತುಂಡನ್ನು ಅಂಗೈಯಲ್ಲೇ ಪುಡಿಮಾಡಿ ದಡದ ಉದ್ದಕ್ಕೂ ಒರೆಸಿ ಕೇಳುತ್ತಿದ್ದಳು:

"ಇದು ಎಂತ?"

"ಖಾಲಿ, ಮೇಡಂ."

"ಖಾಲಿ ಅಲ್ಲ. ನಮಗೆ ಗೊತ್ತಿಲ್ಲ. ಖಾಲಿಯೇ ಬೇರೆ, ಗೊತ್ತಿಲ್ಲದ್ದೇ ಬೇರೆ. ಮೋಡ ಅಡ್ಡ ಬಂದ್ರೆ, ದಡದ ಹೊಳಪು ತಾಗಿದ್ರೆ, ಯಂತ್ರ ಚಿತ್ರದ ಆ ಚೌಕವನ್ನು ಅಳಿಸಿ ಬಿಳಿ ಮಾಡ್ತದೆ. ಪರೀಕ್ಷೆಯಲ್ಲಿ ಬೇರೆಲ್ಲ ತಪ್ಪು ಬರೆದ್ರೂ ಪಾಸು ಮಾಡ್ತೇನೆ. ಇದನ್ನು ತಪ್ಪು ಬರೆದ್ರೆ ಮಾಡುದಿಲ್ಲ."

ಪೇಟೆಯ ಮೀನು ಮಾರ್ಕೆಟಿನ ಕಂಬಕ್ಕೆ ಅವಳೇ ಒಂದು ಬೋರ್ಡು ಹಾಕಿಸಿದಳು. ದಿನಾ ಬೆಳಿಗ್ಗೆ ಹೊಸ ಚಿತ್ರ. ನೀಲಿ ಇದ್ದರೆ ಹೆಕ್ಕಬಹುದು, ಕೆಂಪು ಇದ್ದರೆ ಕೂಡದು, ಬಿಳಿ ಇದ್ದರೂ ಕೂಡದು. ಆ ಕಂಬದ ಬುಡದಲ್ಲೇ ಗುಲಾಬಿ ಮೀನು ಮಾರುತ್ತಿದ್ದಳು. ಅವಳ ಬಾಯಿಯನ್ನು ಏನು ಹೇಳಲಿ! ಸತ್ತ ಬಂಗುಡೆಯೂ ಅವಳ ಮಾತಿಗೆ ಕಣ್ಣು ಬಿಡಬೇಕು. ವಾರಿಜ ಚಿತ್ರ ಅಂಟಿಸಲು ಬಂದರೆ ಸಾಕು, ಶುರು.

"ಟೀಚರಮ್ಮ, ಇವತ್ತೂ ಬಿಳಿಯಾ? ನಿಮ್ಮ ಉಪಗ್ರಹಕ್ಕೆ ಪೊರೆ ಬಂದದ್ದು ಮಾರಾಯ್ತಿ. ಕಣ್ಣಿನ ಡಾಕ್ಟ್ರಿಗೆ ತೋರಿಸಿ."

"ಮೋಡ ಉಂಟು ಗುಲಾಬಕ್ಕ."

"ಮೋಡ ಇಲ್ಲದ ಮಳೆಗಾಲ ಎಲ್ಲಿ ಸಿಗ್ತದೆ ಹೇಳಿ, ನಾನೂ ಅಲ್ಲಿಗೆ ಹೋಗ್ತೇನೆ. ನಡುಕಡಲಲ್ಲಿ ಚಂದ ನೀಲಿ ತೋರಿಸ್ತೀರಿ. ಅಲ್ಲಿ ಮರುವಾಯಿ ಹೆಕ್ಕುವವರು ಯಾರು, ನಿಮ್ಮ ಗಂಡನಾ?"

ವಾರಿಜಳಿಗೆ ಗಂಡನಿರಲಿಲ್ಲ. ಮಾರ್ಕೆಟ್ ನಕ್ಕಿತು. ಅವಳೂ ನಗಲು ನೋಡಿದಳು, ಆಗಲಿಲ್ಲ. ಏಕೆಂದರೆ ಗುಲಾಬಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜನ ಕಾಲಿಡುವ ನೀರು ಯಾವುದೋ ಅದೇ ನಮ್ಮ ಚಿತ್ರದಲ್ಲಿ ಕಾಣುತ್ತಿರಲಿಲ್ಲ.

ಆ ವರ್ಷ ಮಳೆ ಹಿಂದೆಗೆಯಲೇ ಇಲ್ಲ. ಬೋರ್ಡಿನಲ್ಲಿ ವಾರಗಟ್ಟಲೆ ಬಿಳಿ. ಉಳಿದ ಹೆಂಗಸರು ಬೋರ್ಡಿಗೆ ಬೆನ್ನು ಹಾಕಿ ಬುಟ್ಟಿ ಹಿಡಿದು ನದಿಗೆ ಇಳಿದರು. ಅವರಿಗೆ ಏನೂ ಆಗಲಿಲ್ಲ. ಇಳಿಯದವಳು ಅಪ್ಪಿ ಒಬ್ಬಳೇ. ಒಂದು ಸಂಜೆ ವಾರಿಜ ಹೋದಾಗ ಅಕ್ಕನ ಒಲೆಯ ಮೇಲೆ ಗಂಜಿ, ಪಕ್ಕದಲ್ಲಿ ಸುಟ್ಟ ಮೆಣಸು. ಬೇರೇನೂ ಇಲ್ಲ.

"ನನ್ನ ಮನೆಗೆ ಬಾ ಅಕ್ಕ, ಎಷ್ಟು ಸಲ ಹೇಳುದು?"

"ನಿನ್ನ ಮನೆಯಲ್ಲಿ ಕೂತು ಎಂತ ಮಾಡ್ಲಿ? ಗೋಡೆ ಹೆಕ್ಕುದಾ?"

"ಹಾಗಾದ್ರೆ ಎಲ್ಲರ ಒಟ್ಟಿಗೆ ಹೋಗು. ಅವರೆಲ್ಲ ಹೋಗುದಿಲ್ವಾ?"

ಅಪ್ಪಿ ಗಂಜಿಯ ಸೌಟನ್ನು ಕೆಳಗಿಟ್ಟಳಂತೆ. "ನೀನು ಬಿಳಿ ಹಾಕಿದ್ರೆ ನಾನು ಹೋಗುದಿಲ್ಲ. ಅಷ್ಟೇ. ನಿನ್ನ ಮಾತು ನಾನೇ ಕೇಳದಿದ್ರೆ ಊರು ಕೇಳುದುಂಟಾ?"

ವಾರಿಜ ಆ ಗಂಜಿಯನ್ನು ಕಣ್ಣಲ್ಲಿಟ್ಟುಕೊಂಡು ಗುಡ್ಡ ಹತ್ತಿದಳು. ಕಿವಿಯಲ್ಲಿ ಗುಲಾಬಿಯ 'ಪೊರೆ' ಇತ್ತು. ಕರುಣೆ ಎಷ್ಟು, ನಾಚಿಕೆ ಎಷ್ಟು ಎಂದು ಅವಳಿಗೇ ತೂಗಲಾಗಲಿಲ್ಲ. ಆಮೇಲೆ ನನಗೆ ಹೇಳುವಾಗಲೂ ತೂಗಲಾಗಲಿಲ್ಲ. ನಮ್ಮ ವಿದ್ಯೆಯಲ್ಲಿ ಬಿಳಿಯನ್ನು ತುಂಬುವ ಒಂದು ಉಪಾಯವಿದೆ. ಕಾಣದ ಚೌಕದ ಅಕ್ಕಪಕ್ಕದಲ್ಲಿ ಏನು ಕಂಡಿತು, ಹಿಂದೆ ಮೋಡವಿಲ್ಲದ ದಿನ ಅಲ್ಲಿ ಏನಿತ್ತು ಎಂದು ನೋಡಿ ಯಂತ್ರ ಅಂದಾಜು ಮಾಡುತ್ತದೆ. ಕಳ್ಳತನವಲ್ಲ, ಎಲ್ಲರೂ ಮಾಡುತ್ತಾರೆ, ನಾನೂ ಅಲೆಗಳಿಗೆ ಮಾಡಿದ್ದೇನೆ. ವಾರಿಜ ಮಾತ್ರ ಅಲ್ಲಿಯವರೆಗೆ ಮಾಡಿರಲಿಲ್ಲ. ಈಗ ಮಾಡಿದಳು. ಚಿತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ, 'ಮೋಡದ ಜಾಗದಲ್ಲಿರುವುದು ಅಂದಾಜಿನ ಬಣ್ಣ' ಎಂದು ಬರೆದಳು. ಅಪ್ಪಿಗೆ ಅಕ್ಷರ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಬಣ್ಣ ಓದುವುದು ಮಾತ್ರ, ಅದೂ ತಂಗಿಯೇ ಕಲಿಸಿದ್ದು.

ಬೋರ್ಡು ದಡದವರೆಗೂ ನೀಲಿಯಾಯಿತು. "ನೋಡು ಅಪ್ಪಿ, ನಿನ್ನ ತಂಗಿ ಪೊರೆ ತೆಗೆಸಿದ್ಳು!" ಎಂದು ಗುಲಾಬಿ ಮೀನಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಅಪ್ಪಿ ಬುಟ್ಟಿ ಎತ್ತಿಕೊಂಡು ನದಿಗಿಳಿದಳು. ಕೆಲವು ದಿನ ಎಲ್ಲ ನೆಟ್ಟಗಿತ್ತು. ಮಳೆಯೂ ನಿಂತಿತು.

ಇನ್ನು ಆ ದಿನ. ಅಂದು ನಾನು ಬೆಳಿಗ್ಗೆಯೇ ಏರಿದ ಬಿಸಿಲಿಗೆ ಬೈಯುತ್ತ, ಬೋಳುತಲೆ ಒರೆಸಿಕೊಳ್ಳುತ್ತ ಯಂತ್ರಗಳ ಕೋಣೆಗೆ ಹೋದೆ. ಅಲ್ಲಿ ತಂಪು ಯಂತ್ರ ಓಡುತ್ತಿತ್ತು. ಧೂಳು ಬರಬಾರದೆಂದು ಆ ಕೋಣೆಗೆ ಕಿಟಕಿಯನ್ನೇ ಇಟ್ಟಿರಲಿಲ್ಲ.

"ಎಂಥ ಬಿಸಿಲು ಮಾರಾಯ್ತಿ, ತಲೆಯಲ್ಲಿ ದೋಸೆ ಹೊಯ್ಯಬಹುದು!"

"ಬಿಸಿಲಾ? ನನ್ನ ಚಿತ್ರದಲ್ಲಿ ದಡ ಇಡೀ ಮೋಡ ಉಂಟು ಸರ್. ಈಗಷ್ಟೇ ತುಂಬಿಸಿ ಬೋರ್ಡಿಗೆ ಕಳಿಸಿದೆ."

"ಎಷ್ಟೊತ್ತಿನ ಚಿತ್ರ?"

"ನಿನ್ನೆ ಮಧ್ಯಾಹ್ನದ್ದು."

"ನಿನ್ನೆಯೂ ಹೀಗೇ ಸುಡ್ತಿತ್ತಲ್ಲ. ನಿನ್ನ ಮೋಡ ನನ್ನ ತಲೆಯ ಮೇಲೆ ಬರ್ಲೇ ಇಲ್ಲ."

ವಾರಿಜ ನಕ್ಕಳು. "ತೆಳುಮೋಡ ಕಣ್ಣಿಗೆ ಕಾಣುದಿಲ್ಲ ಸರ್, ಯಂತ್ರಕ್ಕೆ ಕಾಣ್ತದೆ. ನೀವು ಅಲೆ ನೋಡಿಕೊಳ್ಳಿ."

ಶಾಸ್ತ್ರದ ಪ್ರಕಾರ ಅದು ಸರಿಯಾದ ಉತ್ತರ. ನಾನೂ ನಕ್ಕೆ.

ಊಟದ ಹೊತ್ತಿಗೆ ಅಪ್ಪಿ ಕಳಿಸಿದ ಡಬ್ಬಿ ಬಂತು. ಮುಚ್ಚಳ ತೆಗೆದರೆ ಮರುವಾಯಿ ಪುಂಡಿ, ಮಸಾಲೆಯಲ್ಲಿ ಮರುವಾಯಿಯೊಡನೆ ಬೇಯಿಸಿದ ಅಕ್ಕಿಯುಂಡೆ. ಹುರಿದ ತೆಂಗಿನಕಾಯಿಯ ಘಮ ಕೋಣೆ ತುಂಬಿತು. "ಬನ್ನಿ ಸರ್, ಅಕ್ಕನ ಕೈಯದ್ದು ತಿನ್ನದೆ ಸಾಯ್ಬಾರ್ದು" ಎಂದು ನನಗೂ ಬಡಿಸಿದಳು. ಇಬ್ಬರೂ ಕೈ ತೊಳೆದು ಬಂದು ಕುಳಿತಿದ್ದೆವು. ಬಾಗಿಲು ದೂಡಿಕೊಂಡು ಗುಲಾಬಿ ಬಂದಳು. ಬರಿಗಾಲು, ಸೊಂಟಕ್ಕೆ ಸಿಕ್ಕಿಸಿದ ಸೀರೆಯಲ್ಲಿ ಮೀನಿನ ಹುರುಪೆ. ಆ ಬಾಯಿಗೆ ಆ ದಿನ ಮಾತು ಸರಿಯಾಗಿ ಬರಲಿಲ್ಲ.

"ಟೀಚರಮ್ಮ, ಅಪ್ಪಿ... ಅಪ್ಪಿ ತುಟಿ ಜುಮ್ ಅಂತದೆ ಅಂತ ಹೇಳ್ತಾ ಇದ್ದಾಳೆ."

ವಾರಿಜ ಎದ್ದಳು. ನನ್ನ ಮುಂದಿನ ತಟ್ಟೆಯನ್ನು ಎತ್ತಿ ಡಬ್ಬಿಗೆ ಸುರಿದು, ಮುಚ್ಚಳವನ್ನು ಒತ್ತಿ ಮುಚ್ಚಿ, ಓಡಿದಳು.

ಆಸ್ಪತ್ರೆಯಲ್ಲಿ ಅಪ್ಪಿಗೆ ಆಗಲೇ ಕೈ ಎತ್ತಲಾಗುತ್ತಿರಲಿಲ್ಲ. ಆ ವಿಷಕ್ಕೆ ಮದ್ದಿಲ್ಲ; ಉಸಿರು ನಿಲ್ಲದಂತೆ ನೋಡಿಕೊಳ್ಳಬೇಕು, ನೋಡಿಕೊಳ್ಳುವ ಯಂತ್ರ ಆ ಆಸ್ಪತ್ರೆಯಲ್ಲಿರಲಿಲ್ಲ. ಅಪ್ಪಿ ತಂಗಿಯನ್ನು ಕಂಡೊಡನೆ ಕೇಳಿದ್ದು ಒಂದೇ.

"ತಿಂದಿಯಾ?"

"ಇಲ್ಲಕ್ಕ."

"ಬಿಸಾಡು." ಆಮೇಲೆ ನಾಲಗೆ ಹೊರಳದಿದ್ದರೂ, ಬೈಗುಳಕ್ಕೆ ಹೆದರಿದ ಮಗುವಿನ ಹಾಗೆ, "ಬೋರ್ಡು ನೋಡಿಯೇ ಹೋದದ್ದು ನಾನು. ನೀಲಿ ಇತ್ತು. ನಾನು ಬಣ್ಣ ತಪ್ಪು ನೋಡಿದ್ನಾ, ವಾರಿ?"

"ಇಲ್ಲಕ್ಕ. ನೀನು ಸರಿ ನೋಡಿದ್ದಿ. ಸರಿಯೇ ನೋಡಿದ್ದಿ."

ಅದು ಅಪ್ಪಿಯ ಕಿವಿಗೆ ಬಿತ್ತೋ ಇಲ್ಲವೋ. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಿತು. ದಡದ ಆ ಮನೆಸಾಲಿನಲ್ಲಿ ಅಂದು ಸತ್ತದ್ದು ಅವಳೊಬ್ಬಳೇ ಅಲ್ಲ. ಪಕ್ಕದ ಮನೆಯ ಮುದುಕ ಹೋದ, ಅವನ ಸೊಸೆ ಹೋದಳು.

ಬೂದಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ವಾರಿಜ ನನ್ನನ್ನು ಆ ಕಿಟಕಿಯಿಲ್ಲದ ಕೋಣೆಗೆ ಕರೆದಳು. ಯಂತ್ರ ಅಳಿಸುವುದಕ್ಕೆ ಮೊದಲಿನ ಹಸಿ ಚಿತ್ರವನ್ನು ತೆರೆದು, ಹಿಗ್ಗಿಸಿ, ಬೆರಳಿಟ್ಟು ತೋರಿಸಿದಳು. ಅಲ್ಲಿ ಮೋಡವೇ ಇರಲಿಲ್ಲ. ದಡದ ಉದ್ದಕ್ಕೂ ತುಕ್ಕಿನ ಬಣ್ಣದ ಒಂದು ದಪ್ಪ ನಾಲಗೆ. ಅದು ತಿರುಗಿ ನೆಟ್ಟಗೆ ನದಿಯ ಬಾಯೊಳಗೆ ಹೋಗಿತ್ತು. ಹೊಳೆಯುವ ಚೌಕವೆಲ್ಲ ಮೋಡ ಎಂದು ನಾವು ಯಂತ್ರಕ್ಕೆ ಹೇಳಿಕೊಟ್ಟಿದ್ದೆವು. ಆ ವಿಷ ಎಷ್ಟು ದಟ್ಟವಾಗಿ ತೇಲಿಬಂದಿತ್ತೆಂದರೆ, ಅದರ ಹೊಳಪು ಕಂಡು ಯಂತ್ರ ಅದನ್ನೇ ಮೋಡವೆಂದು ಅಳಿಸಿತ್ತು. ತೆಳ್ಳಗಿದ್ದರೆ ಕೆಂಪಾಗಿ ಕಾಣುತ್ತಿತ್ತು. ದಟ್ಟವಾದ್ದರಿಂದ ಬಿಳಿಯಾಯಿತು. ಆ ಬಿಳಿಗೆ ಅವಳು ನೀಲಿ ತುಂಬಿದಳು.

"ಬಿಳಿಯೇ ಬಿಟ್ಟಿದ್ರೆ ಅಕ್ಕ ಮನೆಗೆ ಹೋಗ್ತಿದ್ಳು ಸರ್. ಗಂಜಿ ಕುಡಿದು ಮಲಗ್ತಿದ್ಳು." ನಾನು ಏನೋ ಹೇಳಲು ಬಾಯಿ ತೆರೆದೆ. "ಶಾಸ್ತ್ರ ಹೇಳ್ಬೇಡಿ," ಎಂದಳು. "ಬಾಗಿಲಾಚೆ ನಾಲ್ಕು ಹೆಜ್ಜೆ ಹೋಗಿ ತಲೆ ಎತ್ತಿದ್ರೆ ಸಾಕಿತ್ತು."

ವಿಚಾರಣೆ ನಡೆಯಿತು. ಮೂಲೆಯಲ್ಲಿ ಸಣ್ಣಕ್ಷರ ಇತ್ತಲ್ಲ, ಆದ್ದರಿಂದ ಯಾರದೂ ತಪ್ಪಿಲ್ಲವೆಂದು ತೀರ್ಮಾನವಾಯಿತು. ಶಿಕ್ಷೆ ಕೊಡಿ ಎಂದು ಅವಳು ನಿರ್ದೇಶಕರ ಮೇಜಿನ ಮುಂದೆ ನಿಂತಳು. ಅವರು ರಜೆ ಕೊಟ್ಟರು. ಬೋರ್ಡಿನಲ್ಲಿ ಮತ್ತೆ ಬಿಳಿ ಹಾಕಿಸಿದಳು, ಅಷ್ಟು ಹೊತ್ತಿಗೆ ಅದನ್ನು ನೋಡುವವರು ಯಾರೂ ಉಳಿದಿರಲಿಲ್ಲ. ನೋಡುತ್ತಿದ್ದವಳು ಹೋಗಿದ್ದಳು. ಮಾರ್ಕೆಟಿನಲ್ಲಿ ಗುಲಾಬಿ ಅವಳ ಸೆರಗು ಹಿಡಿದು ಅತ್ತಳು.

"ನಾನು ತಮಾಷೆಗೆ ಹೇಳಿದ್ದು ಮಾರಾಯ್ತಿ. ದಿನಾ ಎಲ್ಲರಿಗೂ ಹೇಳ್ತೇನೆ. ಒಬ್ಬರಾದ್ರೂ ಕೇಳುದುಂಟಾ? ನೀನೆಂತಕ್ಕೆ ಕೇಳಿದ್ದು?"

ರಜೆ ಮುಗಿಸಿ ವಾರಿಜ ತರಗತಿಗೆ ಬಂದಳು. ನಾನು ಹಿಂದೆ ಕುಳಿತಿದ್ದೆ. ಹೊಸ ವಿದ್ಯಾರ್ಥಿಗಳು. ದಡ ಬರೆದಳು, ಸಮುದ್ರ ತುಂಬಿದಳು, ಸುಣ್ಣದ ತುಂಡನ್ನು ಅಂಗೈಯಲ್ಲಿ ಪುಡಿಮಾಡಿ ದಡದ ಉದ್ದಕ್ಕೂ ಒರೆಸುತ್ತ ಬಂದಳು. ನದಿಯ ಬಾಯಿಯ ಹತ್ತಿರ ಕೈ ನಿಂತಿತು.

"ಇದು ಎಂತ?" ಎಂದಳು, ಹಲಗೆಯ ಕಡೆಗೇ ಮುಖ ಮಾಡಿ.

"ಮೋಡ, ಮೇಡಂ" ಎಂದಿತು ಮುಂದಿನ ಬೆಂಚು, ತುಂಬ ಉತ್ಸಾಹದಿಂದ.

ಅವಳು ತಿರುಗಲಿಲ್ಲ. ಅಂಗೈಯನ್ನು ಅಲ್ಲಿಯೇ ಬಲವಾಗಿ ಒತ್ತಿದಳು. ಆಮೇಲೆ ಕೈ ತೆಗೆದು, ಯಾರನ್ನೂ ನೋಡದೆ ಹೊರಗೆ ಹೋದಳು. ಮತ್ತೆ ಕಲಿಸಲಿಲ್ಲ. ಊರು ಬಿಟ್ಟಳು. ಸಮುದ್ರ ಕಾಣದ ಕಡೆ ಎಲ್ಲೋ ಇದ್ದಾಳೆಂದು ಕೇಳಿದೆ. ಆಮೇಲೆ ಅದನ್ನು ಹೇಳುವವರೂ ಇಲ್ಲವಾದರು.

ಈಗ ನಿಮ್ಮೆಲ್ಲರ ಫೋನಿನಲ್ಲೂ ಸಮುದ್ರ ಬರುತ್ತದೆ. ನನ್ನ ಮೊಮ್ಮಗಳು ತೋರಿಸಿದಳು. ಎಷ್ಟು ಚಂದ, ದಡದವರೆಗೂ ಒಂದೇ ನೀಲಿ, ಒಂದು ಚೌಕವೂ ಬಿಳಿಯಿಲ್ಲ. ತುಂಬಿದವರು ನಮ್ಮ ಹತ್ತಿರ ಕಲಿತವರೇ. ಸಣ್ಣಕ್ಷರಕ್ಕಾಗಿ ಹುಡುಕಿದೆ. ಅದೂ ಇರಲಿಲ್ಲ, ಅಥವಾ ನನ್ನ ಕಣ್ಣಿಗೆ ಪೊರೆ ಬಂದಿರಬಹುದು.

ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಈ ವಿದ್ಯೆ ಕಲಿಸುವವರಿಗೆ, ಕಲಿಯುವವರಿಗೆ, ಆ ಚಿತ್ರ ನೋಡಿ ನೀರಿಗಿಳಿಯುವವರಿಗೆ ದಾಟಿಸಿ. ನನ್ನ ಹೆಸರು ಬೇಡ, ನನ್ನ ಕೆಮ್ಮನ್ನೂ ಬೇಕಾದರೆ ಕತ್ತರಿಸಿ. ನಾನು ಸುಮ್ಮನಾದ ಕಡೆ ಮಾತ್ರ ನಿಮ್ಮ ಮಾತು ತುಂಬಬೇಡಿ. ಆ ತರಗತಿಯ ಹಲಗೆಯನ್ನು ವರ್ಷ ಮುಗಿಯುವವರೆಗೂ ಯಾರೂ ಒರೆಸಲಿಲ್ಲ. ಬಣ್ಣದ ಸಮುದ್ರ ತಾನಾಗಿ ಉದುರಿತು, ದಡದ ಗೆರೆ ಮಾಸಿತು. ನದಿಯ ಬಾಯಿದ್ದ ಜಾಗದಲ್ಲಿ ಬಿಳಿಯ ಒಂದು ಅಂಗೈ ಉಳಿದಿತ್ತು, ಐದು ಬೆರಳನ್ನೂ ಅಗಲಿಸಿಕೊಂಡು.